ಬುಡ್ಡೇಸಾಬ ನಿಂತ ಜಾಗ

ಮೊದಲ ಹೊಡೆತಕ್ಕೆ ಚೆಂಡು ಇದ್ದಲ್ಲೇ ಇತ್ತು. ಓವರ್‌ಸಿಯರ್ ಮೈಲಾರಲಿಂಗಪ್ಪನ ಕೈಯಲ್ಲಿದ್ದ ಕೋಲು ಮಾತ್ರ ಹಾರಿಹೋಗಿ ಕಾಲುವೆಗೆ ಬಿತ್ತು. ಹೊಸ ಇಂಜಿನಿಯರ್ ಸಾಹೇಬರು ತಂದ ಗಾಲ್ಫ್ ಆಟ ನೋಡಲು ಕಾಲುವೆ ಕೆಲಸದ ಇಡೀ ಸಿಂಧನೂರು ಕ್ಯಾಂಪು ನೆರೆದಿತ್ತು. ಲಿಂಗಸುಗೂರು ಕ್ಯಾಂಪಿನ ಪರವಾಗಿ ಆಡಲು ಬಂದಿದ್ದವನು ಮೈಲಾರಲಿಂಗಪ್ಪನ ಹೆಂಡತಿಯ ಅಣ್ಣ ಆದಪ್ಪ. ಅವನು ನಗಲಿಲ್ಲ, ಮೀಸೆ ಒರೆಸಿಕೊಂಡ. ಅದು ನಗುವುದಕ್ಕಿಂತ ಕೆಟ್ಟದ್ದು. ಇವತ್ತು ಸೋತರೆ ಉಗಾದಿಗೆ ಊಟಕ್ಕೆ ಕೂತು, ತಂಗಿ ಹೋಳಿಗೆ ಬಡಿಸುವಾಗ ಈ ಕಥೆಯನ್ನು ಅವನು ಮೊದಲಿಂದ ಹೇಳುತ್ತಾನೆ, ವರ್ಷಾವರ್ಷ ಹೇಳುತ್ತಾನೆ.

ಕಾಲುವೆಗಿಳಿದು ಕೋಲು ತಂದವನು ಮುಕ್ಕುಂದದ ಬುಡ್ಡೇಸಾಬ. ಸರ್ವೆ ಶುರುವಾದಂದಿನಿಂದ ಕೆಂಪು-ಬಿಳಿ ಪಟ್ಟೆಯ ನಿಶಾನಿ ಕೋಲು ಹಿಡಿದು ನಿಲ್ಲುವುದೇ ಅವನ ನೌಕರಿ. ಮೈಲಾರಲಿಂಗಪ್ಪ ದುರ್ಬೀನಿಗೆ ಕಣ್ಣಿಟ್ಟರೆ ಆ ತುದಿಗೆ ಬುಡ್ಡೇಸಾಬ ಕಾಣಬೇಕು. ಕಂಡ ಕಡೆಗೆ ಕಾಲುವೆ ಹೋಗಬೇಕು. ತುರ್ವಿಹಾಳದ ರೈತರಿಗೆ ನಕ್ಷೆಯ ಮೇಲೆ ನಂಬಿಕೆಯಿರಲಿಲ್ಲ, ಇವನ ಮೇಲಿತ್ತು. ಚಹಾ ಕುಡಿಸಿ, "ನಮ್ಮ ಹೊಲದಾಗೂ ಒಂದೀಟು ನಿಂದ್ರಪಾ" ಎಂದು ಕರೆಯುತ್ತಿದ್ದರು. ತನ್ನಪ್ಪ ಹೆಣ್ಣು ಕೊಟ್ಟದ್ದೂ ಅದೇ ಆಸೆಯಿಂದ ಎಂದು ಹೆಂಡತಿ ಪೀರ್‌ಬೀ ಅವನನ್ನು ಕೆಣಕುವುದುಂಟು.

ಇಂಥವನ ಹೆಗಲಿಗೆ ಗಾಲ್ಫ್ ಕೋಲುಗಳ ಚೀಲ ಹಾಕಿದರೆ ಆಗಬೇಕಾದ್ದೇ ಆಯಿತು. ಚೆಂಡು ಬೀಳಿಸಬೇಕಾದ ಎರಡನೇ ಕುಣಿಯ ಹತ್ತಿರ ಮೈಲಾರಲಿಂಗಪ್ಪ ಹೊಡೆಯಲು ಬಗ್ಗುತ್ತಲೇ ಬುಡ್ಡೇಸಾಬ ಓಡಿಹೋಗಿ ಕುಣಿಯ ಹಿಂದೆ ನಿಶಾನಿ ಕೋಲು ನೆಟ್ಟು ನಿಂತ. ಚೆಂಡು ನೆಟ್ಟಗೆ ಹೋಗಿ ಬಿತ್ತು. ಕ್ಯಾಂಪಿನವರ ಟೋಪಿಗಳು ಮೇಲಕ್ಕೆ ಹಾರಿದವು. ಅವು ಕೆಳಗೆ ಬರುವಷ್ಟರಲ್ಲಿ ಸಾಹೇಬರು ಕೈ ಎತ್ತಿದ್ದರು. ದಾರಿ ತೋರಿಸುವುದಿದ್ದರೆ ಹೊಡೆಯುವ ಮುಂಚೆ. ಹೊಡೆಯುವಾಗ ಗುರಿಗೆಂದು ಕೋಲು ನೆಡುವಂತಿಲ್ಲ, ಆಳನ್ನೂ ನಿಲ್ಲಿಸುವಂತಿಲ್ಲ. ಆ ಕುಣಿ ಆದಪ್ಪನ ಪಾಲಾಯಿತು.

ಆಮೇಲೆ ಮೈಲಾರಲಿಂಗಪ್ಪನಿಗೆ ಎಲ್ಲಿಂದ ಆವೇಶ ಬಂತೋ, ಕಡೆಯ ಕುಣಿಗೆ ಬರುವಾಗ ಇಬ್ಬರೂ ಸಮ. ಇದೊಂದು ಬಿದ್ದರೆ ಉಗಾದಿಗೆ ಕಥೆ ಹೇಳುವವನು ತಾನೇ! ಚೆಂಡು ದೂರದಲ್ಲಿತ್ತು, ಜೋರಾಗಿಯೇ ಹೊಡೆಯಬೇಕಿತ್ತು. ಅವನು ಬುಡ್ಡೇಸಾಬನ ನಿಶಾನಿ ಕೋಲು ಕಸಿದುಕೊಂಡು, ಅವನನ್ನು ಅತ್ತ ಪಕ್ಕಕ್ಕಿದ್ದ ಜಾಲಿಗಿಡದ ಕೆಳಗೆ ಕೈಕಟ್ಟಿಸಿ ನಿಲ್ಲಿಸಿದ.

"ಅಲ್ಲಾಡಬ್ಯಾಡ. ನಾ ಕರಿಯೂತನ ಗಿಡದಂಗ ನಿಂದ್ರು."

ಮೈಲಾರಲಿಂಗಪ್ಪ ಕುಣಿ ನೋಡಿದ, ಚೆಂಡು ನೋಡಿದ. ಆದರೆ ಇಷ್ಟು ವರ್ಷ ಪಳಗಿದ ಕಣ್ಣು ಕೇಳಬೇಕಲ್ಲ. ಕೋಲು ಬೀಸುವ ಗಳಿಗೆಯಲ್ಲಿ ಅದು ತಾನಾಗಿ ಬುಡ್ಡೇಸಾಬನನ್ನು ಹುಡುಕಿತು. ಚೆಂಡು ಕುಣಿಯ ಕಡೆ ತಿರುಗಿಯೂ ನೋಡಲಿಲ್ಲ. ಹಗ್ಗ ಹಿಡಿದು ಗೆರೆ ಎಳೆದಂತೆ ಉರುಳಿ ಜಾಲಿಗಿಡದ ಕೆಳಗೆ ಹೋಗಿ, ಬುಡ್ಡೇಸಾಬನ ಪಾದಕ್ಕೆ ತಾಗಿ ನಿಂತಿತು. ಹೊಡೆದವನ ಆಳಿಗೇ ಚೆಂಡು ತಾಗಿದರೆ ಆ ಕುಣಿಯೂ ಹೋಯಿತು, ಆಟವೂ ಹೋಯಿತು ಎಂದರು ಸಾಹೇಬರು.

ಆದಪ್ಪ ಈಗ ನಕ್ಕ, ಹೊಟ್ಟೆ ಹಿಡಿದುಕೊಂಡು. "ಅಲ್ಲೋ ಬುಡ್ಡೇಸಾಬ, ಚೆಂಡು ಬರೂದು ಕಾಣಲಿಲ್ಲೇನು? ಒಂದು ಹೆಜ್ಜಿ ಸರಿಯಾಕ ಏನಾಗಿತ್ತು?"

ಬುಡ್ಡೇಸಾಬ ಕಟ್ಟಿದ ಕೈ ಬಿಚ್ಚಲಿಲ್ಲ.

"ಕಾಲ್ವಿನೂ ಹಿಂಗ ಬಂತ್ರೀ. ಆವಾಗೂ ಸರದಿದ್ದಿಲ್ಲ."