ಆಯಿ ಕೈ ಮುಗಿದ ಕುಣಿತದ ಹಾಡು

ಕೊಳಲಿನ ಬೆನ್ನಿನಲ್ಲಿ ಹೆಬ್ಬೆರಳಿಗೆಂದೇ ಒಂದು ತೂತು ಇತ್ತು. ಅದನ್ನು ಉಗುರಿನ ಅಂಚಿನಷ್ಟು ತೆರೆದರೆ ಸ್ವರ ಮೇಲಕ್ಕೆ ಜಿಗಿಯುತ್ತಿತ್ತು.

ಎಪ್ಪತ್ತರ ದಶಕದ ಆ ದಿನಗಳಲ್ಲಿ ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ಇಂಥದ್ದನ್ನು ಯಾರೂ ಕಂಡಿರಲಿಲ್ಲ. ಧಾರವಾಡದಲ್ಲಿ ಓದುತ್ತಿದ್ದ ಕಾಕಾ, ತಮ್ಮ ದೇಶಕ್ಕೆ ಮರಳುತ್ತಿದ್ದ ಪ್ರಾಧ್ಯಾಪಕರೊಬ್ಬರಿಂದ ಅದನ್ನು ಪಡೆದು ತಂದಿದ್ದ. ಹೆಸರು ರೆಕಾರ್ಡರ್, ಅಡ್ಡ ಅಲ್ಲ, ನೇರ ಹಿಡಿದು ಊದಬೇಕು. ಯುರೋಪಿನ ಪುನರುಜ್ಜೀವನ ಕಾಲದಲ್ಲಿ, ಚರ್ಚಿನ ಹೊರಗೆ, ಜನ ಕುಣಿಯುತ್ತಿದ್ದ ಒಂದು ಹಾಡನ್ನು ನನಗೆ ಕಲಿಸಿದ. ಅದು ಸೀತನಿ ಕಾಲ. ಸುಟ್ಟ ಹಸಿಜೋಳದ ವಾಸನೆ ನನ್ನ ಬೆರಳಿನಿಂದ ಕೊಳಲಿಗೂ ಅಂಟಿತ್ತು.

ಅಜ್ಜಿಗೆ, ಅಂದರೆ ನಮ್ಮ ಆಯಿಗೆ, ಇದು ಸೇರಲಿಲ್ಲ. “ಹೆಣ್ಣುಹುಡುಗಿ ಗಲ್ಲಾ ಉಬ್ಬಿಸ್ಕೊಂಡು ಊದೂದು ಚಂದ ಕಾಣ್ತೈತೇನೋ? ನಾಳಿ ಬಸ್ಸಿಗೆ ಹೋಗೂಮುಂದ ಅದನ್ನೂ ಒಯ್ಯಿ.”

“ದೇವರ ಹಾಡು ಐತವ್ವಾ,” ಅಂದುಬಿಟ್ಟ ಕಾಕಾ.

“ಮೊದಲ ಹೇಳಬಾರದೇನೋ ಹುಚ್ಚಪ್ಯಾಲಿ!”

ಆಯಿ ನನ್ನನ್ನು ದೇವರ ಜಗಲಿಯ ಮುಂದೆ ಕೂರಿಸಿ, ಊದಿನಕಡ್ಡಿ ಹಚ್ಚಿ, ತಲೆಯ ಮೇಲೆ ಸೆರಗು ಹೊದ್ದು ಕೈ ಮುಗಿದಳು. ನಾನು ಊದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಮುಗಿದ ಕೈಯ ಬೆರಳುಗಳು ತಾಳ ಹಾಕತೊಡಗಿದ್ದವು.

“ಯಾವ ದೇವರದವ್ವಾ ಇದು?” ಆಯಿ ನನ್ನನ್ನು ಕೇಳಿದಳು.

ಅವಳ ಹಿಂದೆ ನಿಂತಿದ್ದ ಕಾಕಾ ಸುಮ್ಮನಿರು ಎಂದು ಸನ್ನೆ ಮಾಡಿದ. ನಿಜ ಹೇಳಿದರೆ ಕೊಳಲು ನಾಳೆ ಬಸ್ಸು ಹತ್ತುತ್ತದೆ. ಆದರೂ ಆ ಕೈಗಳೆದುರು ನನಗೆ ಸುಳ್ಳು ಹೊರಡಲಿಲ್ಲ.

“ದೇವರದಲ್ಲ ಆಯಿ. ಕುಣಿಯೂ ಹಾಡು.”

“ಗಂಡಸ್ರು ಹೆಂಗಸ್ರು ಕೂಡೇನ?”

“ಹೂಂ. ಕೈ ಕೈ ಹಿಡಕೊಂಡು.”

ಆಯಿ ಕೈ ಇಳಿಸಿದಳು. ಕಾಕಾನತ್ತ ತಿರುಗಿ, “ನೀ ಕಿವಿ ಹಿಡಕೊಂಡು ಇಲ್ಲೇ ನಿಂದ್ರು,” ಅಂದಳು. ಆಮೇಲೆ ನನಗೆ, “ಕುಣಿಯೂ ಹಾಡಿಗೆ ಜಗಲಿ ಮುಂದ ಏನ್ ಕೆಲಸ? ಪಡಸಾಲಿಗೆ ನಡಿ, ಅಲ್ಲಿ ಊದು. ಕೊಳಲು ಮನ್ಯಾಗ ಇರಲಿ.”

ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಕತ್ತಲಾಗುವ ತನಕ “ಮತ್ತೊಮ್ಮಿ” ಅನ್ನುತ್ತಲೇ ಇದ್ದಳು.

ಮುಂದೆ ನಾನು ಓದಲು ಹೋದಾಗ, ಲ್ಯೂಟ್ ಎಂಬ ಯುರೋಪಿನ ಹಳೆಯ ತಂತಿವಾದ್ಯದ ಜೊತೆ ಅದೇ ಹಾಡಿನ ಧ್ವನಿಮುದ್ರಿಕೆ ಕೇಳಿದೆ. ನನಗಿಂತ ಎಷ್ಟೋ ಚೆನ್ನಾಗಿತ್ತು. ಮುಗಿದ ಮೇಲೆ “ಮತ್ತೊಮ್ಮಿ” ಅನ್ನುವವರಿರಲಿಲ್ಲ, ಅಷ್ಟರಲ್ಲಿ ಆಯಿ ತೀರಿಹೋಗಿದ್ದಳು. ಅಷ್ಟು ಮನಸಾರೆ ಕೇಳುವವರು ನನಗೆ ಮತ್ತೆ ಸಿಗಲಿಲ್ಲ. ಒಮ್ಮೆ ಸಿಕ್ಕಿದ್ದರಲ್ಲ, ಆ ಋಣ ದೊಡ್ಡದು.

ಆಯಿ ಪಡಸಾಲೆಯಲ್ಲಿ ಕೂತು ಕೇಳಿದ ಆ ಸಂಜೆಯ ಮರುದಿನ ಬೆಳಿಗ್ಗೆ, ಕಾಕಾನ ಬಸ್ಸು ಹೋದ ಮೇಲೆ, ನಾನು ಮಾಳಿಗೆ ಹತ್ತಿ ಊದಿದೆ. ಬೀದಿಯಲ್ಲಿ ನೀರಿಗೆ ಹೊರಟ ಹೆಂಗಸರು ತಲೆಯೆತ್ತಿ ನೋಡಿದರು. ನಾನು ಊದುವುದನ್ನು ನಿಲ್ಲಿಸಲಿಲ್ಲ.