ದಾವಲಸಾಬರ ಸೊನ್ನೆ

ಇಜೇರಿಯ ಪಂಚಾಯಿತಿ ಮಾಳಿಗೆಯ ಮೇಲೆ ಮಳೆ ಅಳೆಯುವ ಡಬ್ಬಿಯಿದೆ. ಬೆಳಿಗ್ಗೆ ದಾವಲಸಾಬರು ಆ ಮೆಟ್ಟಿಲು ಹತ್ತಿದರೆಂದರೆ ಎಂಟೂವರೆ, ಗಡಿಯಾರ ನೋಡಬೇಕಿಲ್ಲ. ಹಿಂದಿನ ದಿನದ ಮಳೆಯನ್ನು ಅಳೆದು ಮೊಬೈಲಿನಲ್ಲಿ ಜೇವರ್ಗಿಯ ತಾಲೂಕು ಕಚೇರಿಗೆ ಕಳಿಸುವುದು ಅವರ ಕೆಲಸ. ಹನಿ ಬೀಳದ ದಿನವೂ ಹತ್ತುತ್ತಾರೆ, ಸೊನ್ನೆ ಬರೆಯುತ್ತಾರೆ.

"ಮಳೀನೇ ಇಲ್ಲ, ಅಳಿಯೂದೇನ್ರಿ?" ಎಂದು ಹನ್ನೆರಡು ವರ್ಷ ಕಾಡಿದವಳು ನಾನು, ಸುಮಿತ್ರಾಬಾಯಿ. ನಿವೃತ್ತ ಅಂಗನವಾಡಿ ಶಿಕ್ಷಕಿ, ಬಾಯಿ ಸ್ವಲ್ಪ ಜೋರು.

"ಇಲ್ಲ ಅನ್ನೂದೂ ಬರೀಬೇಕ್ರಿ ಅಕ್ಕೋರ," ಎನ್ನುತ್ತಿದ್ದರು.

ಕಳೆದ ಆಗಸ್ಟಿನಲ್ಲಿ ಮಗಳು ಭಾಗ್ಯಜ್ಯೋತಿ ಏಳು ತಿಂಗಳ ಬಸುರಿ, ಸೀಮಂತದ ಕುಬಸಕ್ಕೆಂದು ತವರಿಗೆ ಬಂದಿದ್ದಳು. ನಮ್ಮಲ್ಲಿ ನಲ್ಲಿ ನೀರು ಎಂಟು ದಿನಕ್ಕೊಮ್ಮೆ. ಕುಬಸದ ಅಡುಗೆಗೆಂದೇ ಅಂಗಳದ ತೊಟ್ಟಿ ತುಂಬಿಸಿ, ಹಳೆ ಸೀರೆ ಹೊದಿಸಿ ಕಾದಿದ್ದೆ.

ಕುಬಸಕ್ಕೆ ಇನ್ನೆರಡು ದಿನ ಇರುವಾಗ ದಾವಲಸಾಬರು ಬಾಗಿಲಿಗೆ ಬಂದರು. ಅವರು ಕಳಿಸಿದ ಲೆಕ್ಕದಲ್ಲಿ ಹತ್ತು ದಿನ ಜಡಿಮಳೆ, ಆಮೇಲೆ ಸಾಲಾಗಿ ಸೊನ್ನೆ, ಮೇಲೆ ಸೆಖೆ. ಇವನ್ನೆಲ್ಲ ಕೂಡಿಸಿ ನೋಡಿದ ಜೇವರ್ಗಿಯವರು, ಮೂರು ವಾರದೊಳಗೆ ಡೆಂಗಿ ಬರಬಹುದು, ಕೂಡಿಟ್ಟ ನೀರು ಚೆಲ್ಲಿಸಿ ಎಂದು ತಿಳಿಸಿದ್ದರಂತೆ.

"ಗಟಾರ ನೋಡಹೋಗ್ರಿ. ನಂದು ಚೊಕ್ಕ ನೀರು!" ಎಂದು ಹರಿಹಾಯ್ದೆ.

ಅವರು ತೊಟ್ಟಿ ಮುಟ್ಟಲಿಲ್ಲ. "ನೀವೇ ಒಂದ್ ಬಟ್ಟಲ ತುಂಬಿ ಬಿಸಿಲಿಗೆ ಹಿಡೀರಿ," ಎಂದರು. ಹಿಡಿದೆ. ಬಿಳಿ ಬಟ್ಟಲಿನೊಳಗೆ ಸಣ್ಣ ಹುಳುಗಳು ಮಿಡುಕುತ್ತಿದ್ದವು.

"ಡೆಂಗಿ ಸೊಳ್ಳಿಗಿ ಚೊಕ್ಕ ನೀರೇ ಬೇಕ್ರಿ."

ಮೂವತ್ತು ವರ್ಷ ಊರ ಮಕ್ಕಳಿಗೆ ಸ್ವಚ್ಛತೆಯ ಪಾಠ ಹೇಳಿದವಳಿಗೆ ತಲೆ ಎತ್ತಲಾಗಲಿಲ್ಲ. ಒಳಗೆ ಮಗಳು ಮಲಗಿದ್ದಳು. ತೊಟ್ಟಿ ಬರಿದು ಮಾಡಿ ಗಸಗಸ ತಿಕ್ಕಿದೆ. ನಮ್ಮ ನಲ್ಲಿಯ ಸರದಿ ಬರುವುದು ಕುಬಸ ಮುಗಿದ ಮೇಲೆಯೇ.

ಮರುದಿನ ದಾವಲಸಾಬರ ಓಣಿಗೆ ನಲ್ಲಿಯ ಸರದಿ. ಹೆಂಡತಿ ಬಾನುಬಿ ತಲೆಯ ಮೇಲೆ, ಅವರು ಸೈಕಲ್ಲಿನ ಮೇಲೆ, ಕೊಡಗಟ್ಟಲೆ ನೀರು ತಂದು ಹೊಸ್ತಿಲ ಹೊರಗೆ ಇಳಿಸಿ ನಿಂತರು. ಆ ಓಣಿಯ ನೀರು ನಮ್ಮ ಅಡುಗೆಮನೆಗೆ ಎಂದೂ ಬಂದಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಬಸವಣ್ಣನ ಹೆಸರು ಹೇಳುವ ಮನೆ ನಮ್ಮದು, ನನಗೆ ನಾಚಿಕೆಯಾಯಿತು.

"ಒಳಗ ಬರ್ರಿ ಬಾನುಬಿ, ಒಲಿ ಹತ್ರಾನೇ ಇಡ್ರಿ," ಎಂದೆ. ಹೋಳಿಗೆಯ ಬೇಳೆ ಆ ನೀರಿನಲ್ಲೇ ಬೆಂದಿತು.

ಮೂರನೇ ವಾರ ಡೆಂಗಿ ಬಂದೇಬಂತು. ಪಕ್ಕದ ಓಣಿಯಲ್ಲಿ ಏಳು ಜನ ಹಾಸಿಗೆ ಹಿಡಿದು ಎದ್ದರು. ನನ್ನ ಮಗಳಿಗೆ ಮೈ ಬೆಚ್ಚಗೂ ಆಗಲಿಲ್ಲ. ಅಕ್ಟೋಬರಿನಲ್ಲಿ ಮೊಮ್ಮಗಳು ಹುಟ್ಟಿದಳು. ದಾವಲಸಾಬರ ಋಣ ನನ್ನ ಮೇಲಿದೆ.

ಈಗ ಎಂಟೂವರೆಗೆ ಕೂಸನ್ನು ಎತ್ತಿಕೊಂಡು ಪಂಚಾಯಿತಿ ಮುಂದೆ ನಿಲ್ಲುತ್ತೇನೆ.

"ಇವತ್ತೇನ್ರಿ?"

"ಸೊನ್ನಿ ಅದರಿ ಅಕ್ಕೋರ."

"ಬರೀರಿ, ಮರೀಬ್ಯಾಡ್ರಿ," ಎನ್ನುತ್ತೇನೆ.