ಹಲ್ಲಿನ ಹಂಗಾಮು

ನಮ್ಮ ಮನೆಯಲ್ಲಿ ಅರ್ಧ ಕಡಿದಿಟ್ಟ ರೊಟ್ಟಿ ಸಿಕ್ಕರೆ, ಅದರ ಅಂಚಿನ ಗುರುತು ನೋಡಿಯೇ ಅವ್ವ ಅದು ಅಕ್ಕನದೋ ನನ್ನದೋ ಎಂದು ಹೇಳಿಬಿಡುತ್ತಿದ್ದಳು. ನಂಬಿ, ನಮ್ಮಿಬ್ಬರ ಮುಂದಿನ ಹಲ್ಲುಗಳು ನಮಗಿಂತ ಮೊದಲೇ ಹೊಸ್ತಿಲು ದಾಟುತ್ತಿದ್ದವು.

ಎಪ್ಪತ್ತರ ದಶಕದ ಮಾತು. ಅಪ್ಪ ವಾಡಿಯಲ್ಲಿ ರೈಲ್ವೆ ಗುಮಾಸ್ತ. ಅಕ್ಕ ಶಾಂತಾಳಿಗೆ ಇಪ್ಪತ್ತು, ನನಗೆ ಹನ್ನೆರಡು. ಸೇಡಂನಿಂದ ಅವಳನ್ನು ನೋಡಲು ಬಂದ ಗಂಡಿನವರು ಉಪ್ಪಿಟ್ಟು ಹೊಗಳಿ, ಹಲ್ಲಿನ ಕಾರಣ ಹೇಳಿ ಬೇಡವೆಂದರು. ಆಮೇಲೆ ಅಕ್ಕ ತುಟಿ ಬಿಗಿದುಕೊಂಡೇ ಮಾತಾಡತೊಡಗಿದಳು. ಕಂಗಾಲಾದ ಅಪ್ಪ ಅವಳನ್ನು ಕರೆದುಕೊಂಡು ಹೈದರಾಬಾದಿನ ದಂತವೈದ್ಯರ ಬಳಿಗೆ ಹೊರಟರು. ರೈಲಿನ ಆಸೆಗೆ ನಾನೂ ಅಂಟಿಕೊಂಡೆ.

ವೈದ್ಯರು ನಮ್ಮ ಕಡೆಯವರೇ. ಅಕ್ಕನ ಬಾಯಿ ನೋಡಿ ತಲೆಯಾಡಿಸಿದರು. "ಈಕಿ ದವಡಿ ಬೆಳದು ಗಟ್ಟಿ ಆಗ್ಯದ್ರಿ. ಹಲ್ಲು ಒಂದೀಟು ಸರೀತಾವ, ದವಡಿ ಸರಿಯಂಗಿಲ್ಲ. ಅದಕ್ಕ ಆಪರೇಷನ್ನೇ ಬೇಕು." ಆಮೇಲೆ ನನ್ನತ್ತ ತಿರುಗಿದರು. "ಸಣ್ಣಾಕಿದು ಇನ್ನಾ ಬೆಳೀಲಿಕತ್ತದ. ಈಗ ತಂತಿ ಹಾಕಿದ್ರ ಹೇಳ್ದಂಗ ಕೇಳ್ತದ."

"ಹಲ್ಲಿಗೂ ಹಂಗಾಮ ಇರ್ತದಂತ ಯಾರಿಗಿ ಗೊತ್ತಿತ್ರಿ?" ಎಂದ ಅಪ್ಪನ ದನಿ ಇಳಿದುಹೋಯಿತು.

ಅಕ್ಕ ಕುರ್ಚಿಯಿಂದ ಎದ್ದಳು. "ನನಗ ಕೊಯ್ಯೋದು ಬ್ಯಾಡ್ರಿ. ಈಕಿಗಿ ಹಾಕ್ರಿ." ನನ್ನನ್ನು ಯಾರೂ ಕೇಳಲೇ ಇಲ್ಲ.

ಮೊಣಕಾಲು, ಸಿಟ್ಟು, ಕನಸು, ಯಾವುದೂ ಹಿಡಿತಕ್ಕೆ ಸಿಗದ ಆ ವಯಸ್ಸಿನಲ್ಲಿ ನನ್ನ ದವಡೆಯೊಂದೇ ವಿಧೇಯ ವಿದ್ಯಾರ್ಥಿನಿಯಾಗಿತ್ತು. ಶಾಲೆಯಲ್ಲಿ ನನ್ನನ್ನು ರೇಡಿಯೋ ಎಂದರು. ಬಾಯಲ್ಲಿ ಏರಿಯಲ್ ಇದೆಯೆಂದು. ಎರಡು ವರ್ಷ, ತಿಂಗಳಿಗೊಮ್ಮೆ, ತಂತಿ ಬಿಗಿಸಲು ಕರೆದೊಯ್ದವಳು ಅಕ್ಕನೇ. ಬಿಗಿಸಿದ ದಿನ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಣಿಸಿದವಳೂ ಅವಳೇ. ನಡುವೆ ಅವಳಿಗೆ ಚಿತ್ತಾಪುರದ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಪಾಠ ಹೇಳುತ್ತ ಹೇಳುತ್ತ ಬಿಗಿದ ತುಟಿ ತಾನಾಗಿ ಸಡಿಲವಾಯಿತು.

ತಂತಿ ತೆಗೆದ ದಿನ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ನನ್ನ ಗದ್ದ ಹಿಡಿದೆತ್ತಿ ನೋಡಿದಳು. ಅವಳ ಕಣ್ಣು ತುಂಬಿದವು. ಸಂತೋಷಕ್ಕೆ ಅಂದುಕೊಂಡೆ.

"ಭಾಳ ಹೊಟ್ಟಿಕಿಚ್ಚ ಆಗ್ಲಿಕತ್ತದ ನನಗ," ಎಂದಳು. "ಸುಳ್ಳ್ಯಾಕ ಹೇಳ್ಲಿ?"

ಹಾಗೆಂದವಳೇ, ತನ್ನ ಮಾತಿಗೆ ತಾನೇ ಪಕ್ಕನೆ ನಕ್ಕುಬಿಟ್ಟಳು, ಅಷ್ಟೂ ಹಲ್ಲು ಬಿಟ್ಟು, ಸಾಮಾನು ಹೊರುತ್ತಿದ್ದವರೂ ತಿರುಗಿ ನೋಡುವಂತೆ. ನಾನೂ ನಗಲು ಹೋದೆ. ಹಲ್ಲುಗಳು ಸಾಲಾಗಿ ನಿಂತಿದ್ದವು. ಅಂಥ ನಗು ಮಾತ್ರ ಬರಲಿಲ್ಲ. ಅದನ್ನು ಕಲಿಯಲು ನನಗೆ ಇನ್ನೂ ಕೆಲವು ವರ್ಷ ಹಿಡಿದವು.